ಮಡಿಯಮ್ಮನ ಉಸಿರು

ಬುಧವಾರ ಬೆಳಿಗ್ಗೆ ಅತ್ತೆ ಕನ್ನಡಕ ಏರಿಸಿಕೊಂಡು ಆಸ್ಪತ್ರೆಯ ಕಾಗದ ಓದುವ ತನಕ ಮಡಿಯಮ್ಮನಿಗೆ ಇದ್ದದ್ದು ಒಂದೇ ತಾಪತ್ರಯ, ಹೊಟ್ಟೆ ಉರಿ. ಅದಕ್ಕೂ ಹಿಂದಿನ ದಿನವಷ್ಟೇ ಮಾತ್ರೆ ಸಿಕ್ಕಿತ್ತು.

ಮಡಿಯಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವಳು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಹದಿನಾರು ವರ್ಷದ ಹಿಂದೆ ಬಿದ್ದ ಹೆಸರು. ಪಕ್ಕದ ಕಟ್ಟಡದಲ್ಲಿ ಬಸ್ಸಿನಷ್ಟು ಉದ್ದದ ಎಣಿಕೆ ಯಂತ್ರವನ್ನು ನೋಡಿಕೊಳ್ಳುವವನೊಬ್ಬನಿದ್ದ, ಎಲ್ಲರ ಬಾಯಲ್ಲೂ ಯಂತ್ರದಣ್ಣ. ಅವನು ಬಿಸ್ಕತ್ತು ತಿಂದ ಕೈಯಲ್ಲಿ ಅವಳ ಕೋಣೆಯ ಬಾಗಿಲ ಹಿಡಿಕೆ ಮುಟ್ಟಿದ್ದಕ್ಕೆ ಅವಳು ಹಿಡಿಕೆಯನ್ನು ಮೂರು ಸಲ ಸ್ಪಿರಿಟ್ಟಿನಲ್ಲಿ ಒರೆಸಿ, ಇನ್ನೇನು ಅವನನ್ನೂ ಒರೆಸಿಬಿಡುವವಳ ಹಾಗೆ ನೋಡಿದ್ದಳು. “ಮುಟ್ಟಬೇಡ್ರಪ್ಪಾ, ಮಡಿಯಮ್ಮ ಒಳಗಿದ್ದಾರೆ,” ಎಂದು ಅವನು ಅಂದಿದ್ದೇ ತಡ, ಹೆಸರು ಅಂಟಿಕೊಂಡಿತು. ಅವಳಿಗೆ ಒಳಗೊಳಗೇ ಹೆಮ್ಮೆಯೇ ಆಗಿತ್ತು ಅನ್ನಿ.

ಅತ್ತೆಯದು ಇನ್ನೊಂದು ಬಗೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರವರ ವಿಳಾಸ ಓದಿ ಓದಿ ಅಭ್ಯಾಸವಾಗಿ, ನಿವೃತ್ತಿಯಾದ ಮೇಲೆ ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದುತ್ತಿದ್ದರು. ಸೊಸೆಯ ವರದಿ ಕೈಗೆ ಸಿಕ್ಕರೆ ಬಿಡುತ್ತಾರೆಯೇ?

“ಇದೇನೇ, ನಿನ್ನ ಆಫೀಸಿಂದು ಇಲ್ಲೂ ಬಂದು ಕೂತಿದೆ,” ಅಂದರು. “ಇಂಗಾಲ ಹದಿನಾಲ್ಕು ಯೂರಿಯಾ ಉಸಿರಿನ ಪರೀಕ್ಷೆ. ನೀನು ದಿನಾ ಒದ್ದಾಡೋದು ಇದೇ ಇಂಗಾಲ ಹದಿನಾಲ್ಕರ ಜೊತೆ ಅಲ್ವಾ?”

ಮಡಿಯಮ್ಮ ಮಗಳ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು. “ಏನಂದ್ರಿ ಅತ್ತೆ?”

“ಕಿವಿ ಮಂದ ಆಗಿರೋದು ನನಗೋ ನಿನಗೋ? ಇಂಗಾಲ ಹದಿನಾಲ್ಕು.”

ಅವಳು ಕಾಗದ ಕಿತ್ತುಕೊಂಡು ಓದಿದಳು. ಎರಡನೆಯ ಸಲ ಓದಿದಳು. ಒಲೆಯ ಕಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಡಬ್ಬಿಯ ಮುಚ್ಚಳ ಉರುಳಿಕೊಂಡು ಹೋಗಿ ಅತ್ತೆಯ ಕಾಲ ಬಳಿ ಬಿತ್ತು.

“ಅಯ್ಯೋ, ದೊಡ್ಡ ಕಾಯಿಲೆನಾ?” ಅತ್ತೆ ಮುಚ್ಚಳ ಎತ್ತಿಕೊಂಡರು.

“ಇಲ್ಲ ಅತ್ತೆ. ನನಗೇನೂ ಆಗಿಲ್ಲ.”

ಅದು ನಿಜ. ಹೋದ ವಾರದ ಸೋಮವಾರ ಆಸ್ಪತ್ರೆಯಲ್ಲಿ ದಾದಿ ಒಂದು ಪುಟ್ಟ ಗುಳಿಗೆ ಕೊಟ್ಟು ನೀರು ಕುಡಿಸಿ, ಹತ್ತು ನಿಮಿಷ ಬಿಟ್ಟು ಒಂದು ಚೀಲಕ್ಕೆ ಉಸಿರು ಊದಿಸಿಕೊಂಡಿದ್ದಳು. ಹೊಟ್ಟೆಯಲ್ಲಿ ಹುಣ್ಣು ಮಾಡುವ ಕ್ರಿಮಿ ಇದ್ದರೆ ಅದು ಗುಳಿಗೆಯನ್ನು ಒಡೆಯುತ್ತದೆ, ಗುಳಿಗೆಯಲ್ಲಿರುವ ಗುರುತಿನ ಇಂಗಾಲ ಉಸಿರಿನಲ್ಲಿ ಹೊರಗೆ ಬರುತ್ತದೆ, ಅದನ್ನು ಎಣಿಸಿ ಕ್ರಿಮಿ ಇದೆ ಎನ್ನುತ್ತಾರೆ. ಮನುಷ್ಯರಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಆದರೆ ಮಡಿಯಮ್ಮನ ಕೋಣೆಯಲ್ಲಿ ಎಣಿಸುವುದೂ ಅದೇ ಇಂಗಾಲವನ್ನು, ಚಿಟಿಕೆಯ ಚಿಟಿಕೆಯ ಲೆಕ್ಕದಲ್ಲಿ. ಆ ಒಂದು ಗುಳಿಗೆಯಲ್ಲಿ ಅವಳು ತಯಾರಿಸುವಂಥ ಕೋಟಿಗಟ್ಟಲೆ ಮಾದರಿಗಳಿಗೆ ಸಾಲುವಷ್ಟು ಇತ್ತು. ಪರೀಕ್ಷೆ ಏನು ಹೇಳುತ್ತದೋ ಎಂಬ ಹೆದರಿಕೆಯಲ್ಲಿ, ಗುಳಿಗೆಯಲ್ಲಿ ಏನಿದೆ ಎಂದು ಅವಳು ಕೇಳಿಯೇ ಇರಲಿಲ್ಲ. ಹದಿನಾರು ವರ್ಷ ಊರವರ ಬಿಸ್ಕತ್ತಿನ ಕೈಗೆಲ್ಲ ಕಾವಲು ಕೂತವಳು! ಆಸ್ಪತ್ರೆಯಿಂದ ನೇರವಾಗಿ ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಹೋಗಿದ್ದಳು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಇರಬೇಕು.

ಆವತ್ತು ಅವಳ ಮೇಜಿನ ಮೇಲಿದ್ದದ್ದು ಒಂದು ಮೂಳೆ.

ಊರಾಚೆ ಬಸ್ ಡಿಪೋಗೆ ಪಾಯ ತೋಡುವಾಗ ಸಿಕ್ಕಿದ ಅಸ್ಥಿಪಂಜರದ ತುಂಡು ಅದು. ಇಪ್ಪತ್ತರ ಆಸುಪಾಸಿನ ಗಂಡಸಿನದು ಎಂದು ವೈದ್ಯರು ಹೇಳಿದ್ದರು. ಮಣ್ಣಿನ ಹುಳಿ ತಿಂದು ಹಾಕಿದ್ದರಿಂದ ರಕ್ತಸಂಬಂಧ ಹೇಳುವ ಪರೀಕ್ಷೆ ಕೈಕೊಟ್ಟಿತ್ತು. ಉಳಿದ ಪ್ರಶ್ನೆ ಒಂದೇ: ಈ ಮನುಷ್ಯ ಸತ್ತದ್ದು ಮೊನ್ನೆ ಮೊನ್ನೆಯೋ, ನೂರಾರು ವರ್ಷದ ಹಿಂದೆಯೋ? ಹೋದ ಶತಮಾನದ ನಡುವೆ ಬಯಲಲ್ಲಿ ಅಣುಬಾಂಬು ಸಿಡಿಸಿ ಸಿಡಿಸಿ ಗಾಳಿಯಲ್ಲಿ ಇಂಗಾಲ ಹದಿನಾಲ್ಕು ವಿಪರೀತ ಏರಿತ್ತು. ಆಮೇಲೆ ಬದುಕಿದವರ ಮೂಳೆಯಲ್ಲೆಲ್ಲ ಅದರ ಗುರುತು ಇರುತ್ತದೆ, ಅದಕ್ಕೂ ಮುಂಚಿನವರಲ್ಲಿ ಇರುವುದಿಲ್ಲ. ಪೊಲೀಸ್ ಅಧಿಕಾರಿ ಮೂಳೆ ತಂದಾಗ ಜೊತೆಗೆ ಒಬ್ಬ ಹೆಂಗಸೂ ಬಂದಿದ್ದರು, ಅರವತ್ತು ದಾಟಿದ ದರ್ಜಿ. ಮೂವತ್ತೆಂಟು ವರ್ಷದ ಹಿಂದೆ ಅವರ ತಮ್ಮ, ಹತ್ತೊಂಬತ್ತರ ಹುಡುಗ, ಈಗ ಬಂದೆ ಅಕ್ಕಾ ಎಂದು ಹೋದವನು ಬಂದಿರಲಿಲ್ಲ.

ಕೋಣೆಯ ಹೊಸ್ತಿಲಲ್ಲಿ ಎಳೆದಿದ್ದ ಕೆಂಪು ಗೆರೆಯ ಆಚೆಯೇ ನಿಲ್ಲಿ ಎಂದು ಮಡಿಯಮ್ಮ ಅವರಿಗೆ ಹೇಳಿದ್ದಳು.

“ನಿಲ್ತೀನಿ ಬಿಡಮ್ಮ,” ಅಂದಿದ್ದರು ದರ್ಜಿಯಮ್ಮ. “ಬಟ್ಟೆ ಮೇಲೆ ಕತ್ತರಿ ಇಟ್ಟಾಗ ನಾನೂ ಯಾರನ್ನೂ ಹತ್ರ ಬಿಡಲ್ಲ. ಒಂದ್ಸಲ ಕತ್ತರಿಸಿದ್ರೆ ಆಯ್ತಲ್ಲ.” ಆಮೇಲೆ, “ಅವನೇ ಅಂತಾದ್ರೆ ಹೇಳ್ಬಿಡಿ. ಅಲ್ಲ ಅಂದ್ರೂ ಹೇಳ್ಬಿಡಿ. ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ, ಅದನ್ನ ಕೇಳಿ ಕೇಳಿ ಸಾಕಾಗಿದೆ,” ಅಂದಿದ್ದರು.

ಮಡಿಯಮ್ಮ ಮೂಳೆಯನ್ನು ಎಂದಿನಂತೆಯೇ ತಯಾರಿಸಿದ್ದಳು. ಮೊದಲು ಆಮ್ಲದ ಸ್ನಾನ, ಸುಣ್ಣ ಕರಗಿ ಮೆತ್ತಗಿನ ತಿರುಳು ಉಳಿಯುವ ತನಕ. ಆಮೇಲೆ ಕ್ಷಾರದ ಸ್ನಾನ, ಮಣ್ಣಿನ ಕೊಳೆ ಹೋಗುವುದಕ್ಕೆ. ಮತ್ತೆ ಆಮ್ಲ. ಒಣಗಿದ ತಿರುಳನ್ನು ತಾಮ್ರದ ಆಕ್ಸೈಡಿನ ಜೊತೆ ಕೊಳವೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಮೂಳೆಯ ಇಂಗಾಲವೆಲ್ಲ ಅನಿಲವಾಗುತ್ತದೆ. ಆ ಅನಿಲವನ್ನು ಗಾಳಿ ತೆಗೆದ ಗಾಜಿನ ಕೊಳವೆಗಳ ಲೈನಿಗೆ ಬಿಟ್ಟು, ಒಂದು ಬಾಗಿನಲ್ಲಿ ನೀರಿನ ಅಂಶ ಹೆಪ್ಪುಗಟ್ಟಿಸಿ, ಇನ್ನೊಂದು ಬಾಗನ್ನು ದ್ರವ ಸಾರಜನಕದಲ್ಲಿ ಅದ್ದಬೇಕು. ಆಗ ಅನಿಲ ಗಾಜಿನ ಒಳಮೈಗೆ ಬಿಳಿ ಹಿಮವಾಗಿ ಕೂರುತ್ತದೆ. ಉಳಿದದ್ದನ್ನು ಪಂಪು ಎಳೆದುಕೊಂಡ ಮೇಲೆ ಹಿಮವನ್ನು ಕರಗಿಸಿ, ಬೆರಳುದ್ದದ ಗಾಜಿನ ಟ್ಯೂಬಿಗೆ ಸಾಗಿಸಿ, ಕತ್ತನ್ನು ಉರಿಯಲ್ಲಿ ಕರಗಿಸಿ ಮುಚ್ಚಿದರೆ ಕೆಲಸ ಮುಗಿಯಿತು. ಒಬ್ಬ ಮನುಷ್ಯನ ಕಾಲ ಅಷ್ಟು ಪುಟ್ಟ ಟ್ಯೂಬಿನಲ್ಲಿ ಕೂತಿರುತ್ತದೆ.

ಇದರಲ್ಲಿ ಕ್ಷಾರವೊಂದು ಮಹಾ ಹೊಟ್ಟೆಬಾಕ. ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಕುಡಿಯುತ್ತಲೇ ಇರುತ್ತದೆ. ಕುಡಿದದ್ದನ್ನು ಕೊನೆಯ ಆಮ್ಲ ಕಕ್ಕಿಸಬೇಕು, ಸಾಮಾನ್ಯವಾಗಿ ಕಕ್ಕಿಸುತ್ತದೆ ಕೂಡ. ಆದರೆ ಆವತ್ತು ಹೊಟ್ಟೆ ಹಿಂಡುತ್ತಿದ್ದುದರಿಂದ ಮಡಿಯಮ್ಮ ಕ್ಷಾರದ ಬೀಕರಿನ ಪಕ್ಕದಲ್ಲೇ ಗಲ್ಲ ಊರಿಕೊಂಡು, ಉಸ್ಸಪ್ಪಾ ಎನ್ನುತ್ತ ಎರಡು ಗಂಟೆ ಕೂತಿದ್ದಳು. ಬೀಕರು ಅವಳ ಉಸಿರನ್ನೇ ಕುಡಿದಿತ್ತು. ಅದರಲ್ಲಿ ಎಳ್ಳಷ್ಟು ಒಳಗೆ ಉಳಿದಿದ್ದರೂ, ಎಷ್ಟೇ ಹಳೆಯ ಮೂಳೆಯಾಗಲಿ ಮೊನ್ನೆಯದಾಗಿಬಿಡುತ್ತದೆ.

ಗುರುವಾರ ಯಂತ್ರ ಹೇಳಿದ್ದೂ ಅದನ್ನೇ. ಮೂಳೆ ಮೊನ್ನೆಯದು, ಬಾಂಬಿನ ಕಾಲದ ಈಚಿನದು. “ಸ್ವಲ್ಪ ಜಾಸ್ತಿನೇ ಇದೆ, ಆದ್ರೆ ಆ ಹುಡುಗನ ಕಾಲಕ್ಕೆ ಹೊಂದುತ್ತೆ,” ಎಂದಿದ್ದ ಯಂತ್ರದಣ್ಣ. ಅಧಿಕಾರಿ ಶುಕ್ರವಾರವೇ ದರ್ಜಿಯಮ್ಮನಿಗೆ ತಿಳಿಸಿದ್ದರು. ಮೂಳೆಗಳನ್ನು ಅವರಿಗೆ ಒಪ್ಪಿಸುವುದು, ಮಣ್ಣು ಮಾಡುವುದು ಈ ಶುಕ್ರವಾರ ಎಂದು ನಿಗದಿಯಾಗಿತ್ತು. ಅಂದರೆ ನಾಡಿದ್ದು.

ಗಂಡ ಲಿಫ್ಟು ರಿಪೇರಿಯವನು. ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಹೊರಟವನನ್ನು ಅವಳು ಬಾಗಿಲಲ್ಲೇ ತಡೆದು ಎಲ್ಲವನ್ನೂ ಹೇಳಿದಳು. ಅವನು ಚೀಲ ಕೆಳಗಿಟ್ಟು ಕೇಳಿಸಿಕೊಂಡ.

“ಉಸಿರು ಸೇರಿದೆ ಅಂತ ಗ್ಯಾರಂಟಿನಾ?”

“ಇಲ್ಲ. ಸೇರಿರಬಹುದು.”

“ಸೇರಿಲ್ಲದೇನೂ ಇರಬಹುದು.”

“ಇರಬಹುದು.”

“ಹಾಗಾದ್ರೆ ಬಿಡು,” ಅಂದ. ಒರಟಾಗಿ ಏನಲ್ಲ. “ಆಯಮ್ಮ ಮೂವತ್ತೆಂಟು ವರ್ಷ ಅತ್ತಿದ್ದಾರೆ. ಈಗೊಂದು ಕೊನೆ ಸಿಕ್ಕಿದೆ. ನೀನು ಹೋಗಿ ಮತ್ತೆ ಮೊದಲಿಂದ ಶುರು ಮಾಡಿಸ್ತೀಯಾ?”

“ಅದು ಯಾರದೋ ಮೂಳೆ ಆಗಿದ್ರೆ?”

“ಯಾರದೋ ಮೂಳೆಗೂ ಮಣ್ಣು ಬೇಕಲ್ವಾ?”

“ಲಿಫ್ಟಿನ ಹಗ್ಗದಲ್ಲಿ ಒಂದು ಎಳೆ ಬಿಟ್ಟಿದೆ ಅಂತ ಅನುಮಾನ ಬಂದ್ರೆ ನೀನು ಸುಮ್ನೆ ಬರ್ತೀಯಾ?” ಎಂದು ಕೇಳಿದಳು.

“ಅದು ಬಿದ್ರೆ ಜನ ಸಾಯ್ತಾರೆ. ಇದರಿಂದ ಯಾರು ಸಾಯ್ತಾರೆ?”

“ಬದುಕಿದ್ದರೆ, ಅವನು,” ಅಂದಳು ಮಡಿಯಮ್ಮ. ಗಂಡ ಚೀಲ ಎತ್ತಿಕೊಂಡ.

ಬಸ್ಸಿನಲ್ಲಿ ಅವಳು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಕೂತಳು. ಒಂಬತ್ತು ದಿನವಾಗಿದೆ, ಉಸಿರಿನಲ್ಲಿ ಈಗ ಹೇಳಿಕೊಳ್ಳುವಷ್ಟು ಏನೂ ಉಳಿದಿರುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಕೈ ಕೇಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಮುದುಕ ಅವಳಿಗೆ ವಾಂತಿ ಬರುತ್ತಿದೆ ಅಂದುಕೊಂಡು ಕಿಟಕಿಯ ಸೀಟು ಬಿಟ್ಟುಕೊಟ್ಟ. ಗುಳಿಗೆ ನುಂಗಿದ ಮೇಲೆ ತಾನು ಎಲ್ಲೆಲ್ಲಿ ಉಸಿರಾಡಿದ್ದೇನೆ ಎಂದು ಅವಳು ಎಣಿಸುತ್ತ ಹೋದಳು. ಕೋಣೆ, ಕಪಾಟು, ಒಣಗಿಸುವ ಪೆಟ್ಟಿಗೆ, ಟ್ಯೂಬುಗಳ ಡಬ್ಬಿ. ಟ್ಯೂಬಿನ ಬಾಯಲ್ಲಿ ಧೂಳು ಕಂಡರೆ ಫೂ ಎಂದು ಊದುವ ಚಾಳಿ ಬೇರೆ ಇತ್ತು. ಎಲ್ಲರಿಗೂ ಬೇಡ ಎಂದು ಬೋಧಿಸಿ ತಾನು ಮಾತ್ರ ಮಾಡುತ್ತಿದ್ದ ಚಾಳಿ. ಆವತ್ತು ಊದಿದ್ದೆನೋ ಇಲ್ಲವೋ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಒಂದು ದಾರಿ ಇತ್ತು. ಪ್ರತಿ ಮಾದರಿಯ ಜೊತೆಗೂ ಅವಳು ಒಂದು ಚೂರು ಕಲ್ಲಿದ್ದಲನ್ನು ಅದೇ ಆಮ್ಲ, ಅದೇ ಕ್ಷಾರ, ಅದೇ ಲೈನಿನಲ್ಲಿ ತಯಾರಿಸುತ್ತಿದ್ದಳು. ಕಲ್ಲಿದ್ದಲು ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಇಂಗಾಲ ಹದಿನಾಲ್ಕು ಪೂರ್ತಿ ಸತ್ತುಹೋಗಿರುತ್ತದೆ. ಯಂತ್ರಕ್ಕಿಟ್ಟಾಗ ಏನಾದರೂ ಕಾಣಿಸಿತೋ, ಅದು ಹೊರಗಿನಿಂದ ಬಂದ ಮೈಲಿಗೆ. ಅದನ್ನು ಅವರು ಸಾಕ್ಷಿ ಎಂದು ಕರೆಯುತ್ತಿದ್ದರು. ಆವತ್ತಿನ ಸಾಕ್ಷಿ ಏನು ಹೇಳಿತ್ತು?

ಅವಳು ಒಳಗೆ ಕಾಲಿಡಲಿಲ್ಲ. ಯಂತ್ರದ ಕಟ್ಟಡದ ಹೊರಗೆ, ಸೈಕಲ್ಲು ನಿಲ್ಲಿಸುವ ಕಡೆ ನಿಂತು ಯಂತ್ರದಣ್ಣನಿಗೆ ಫೋನು ಮಾಡಿದಳು. ಅವನು ಕಿಟಕಿ ತೆರೆದು ತಲೆ ಹೊರಗೆ ಹಾಕಿದ.

“ಏನ್ ಮಡಿಯಮ್ಮಾ, ನಮ್ಮ ಹೊಸ್ತಿಲೇ ಮೈಲಿಗೆ ಆಯ್ತಾ ಇವತ್ತು?”

“ಆ ಪೊಲೀಸ್ ಮೂಳೆ ಜೊತೆ ಸಾಕ್ಷಿ ಎಷ್ಟು ತೋರಿಸ್ತು?”

ಅವನ ನಗು ಅರ್ಧಕ್ಕೇ ನಿಂತಿತು. ಕಿಟಕಿಯ ಚೌಕಟ್ಟನ್ನು ಉಗುರಿನಿಂದ ಕೆರೆದ. “ಆವತ್ತಿಂದು ಯಂತ್ರಕ್ಕೆ ಇಡ್ಲಿಲ್ಲ,” ಅಂದ. “ಆ ಅಧಿಕಾರಿ ತಲೆ ಮೇಲೆ ಕೂತಿದ್ರು. ಅದರ ಹಿಂದಿನ ವಾರದ ಸಾಕ್ಷಿ ಹೇಗೂ ಚೊಕ್ಕಟವಾಗಿತ್ತಲ್ಲ, ಅದರ ಅಂಕಿನೇ ಹಾಕ್ದೆ. ನಿನ್ನ ಕೈಯಿಂದ ಬಂದದ್ದು, ಅದರಲ್ಲಿ ಏನು ಇರುತ್ತೆ ಅಂತ.”

ಎಲ್ಲ ಬಿಟ್ಟು ಅವಳ ಮೇಲಿನ ನಂಬಿಕೆಯೇ ಮುಳುವಾಗಿತ್ತು. ಅವಳು ಅವನಿಗೂ ಗುಳಿಗೆಯ ಕಥೆ ಹೇಳಿದಳು.

“ಸಾಕ್ಷಿ ಎಲ್ಲಿದೆ?” ಎಂದು ಕೇಳಿದಳು.

“ನನ್ನ ಡ್ರಾಯರಲ್ಲಿ.” ಸುತ್ತ ಯಾರೂ ಇಲ್ಲದಿದ್ದರೂ ಅವನು ದನಿ ತಗ್ಗಿಸಿದ. “ನೋಡು, ಅದು ಇದೆ ಅಂತ ಗೊತ್ತಿರೋದು ನನಗೆ, ನಿನಗೆ. ಗಾಜು, ಕೈಜಾರಿ ಬೀಳುತ್ತೆ. ನಮ್ಮ ಲ್ಯಾಬ್ ಯಜಮಾನ್ರು ರಿಟೈರ್ ಆಗೋಕೆ ಐದು ತಿಂಗಳು. ಈ ಜಾಗಕ್ಕೆ ಬೀಗ ಬಿದ್ರೆ ಅವರು ಉಳಿಯಲ್ಲ.”

ಹೌದು ಅಂದುಬಿಡೋಣ ಎಂದು ಅವಳಿಗೆ ಒಂದು ಗಳಿಗೆ ಅನಿಸಿತು. ಸುಳ್ಳೇಕೆ ಹೇಳಬೇಕು, ಒಂದಲ್ಲ, ಹಲವು ಗಳಿಗೆ ಅನಿಸಿತು. ಅತ್ತ ದರಿ, ಇತ್ತ ಪುಲಿ. ಮಾತಾಡದಿದ್ದರೆ ಒಬ್ಬ ಅಕ್ಕ ಯಾರದೋ ಮೂಳೆಯ ಮುಂದೆ ಕೂತು ತಮ್ಮನ ಹೆಸರು ಹಿಡಿದು ಅಳುತ್ತಾಳೆ. ಮಾತಾಡಿದರೆ, ಯಾವ ಮಾತನ್ನು ಕೇಳಿ ಸಾಕಾಗಿದೆ ಅಂದಿದ್ದಳೋ ಅದನ್ನೇ ಮತ್ತೆ ಅವಳ ಕಿವಿಗೆ ಹಾಕಬೇಕು: ಗೊತ್ತಿಲ್ಲ.

“ಯಂತ್ರಕ್ಕೆ ಇಡು,” ಅಂದಳು.

“ಮಡಿಯಮ್ಮಾ.”

“ಇಡಣ್ಣ. ಪರದೆ ಈ ಕಡೆ ತಿರುಗಿಸು, ನನಗೂ ಕಾಣಲಿ.”

ಅವನು ಇಟ್ಟ. ಅವಳು ಸೈಕಲ್ಲುಗಳ ನಡುವೆ ನಿಂತು ಕಿಟಕಿಯ ಗಾಜಿನ ಆಚೆಯಿಂದ ನೋಡಿದಳು. ಸತ್ತ ಕಲ್ಲಿದ್ದಲಾದರೆ ಅಂಕಿ ತೂಕಡಿಸುತ್ತದೆ, ಆಗೊಮ್ಮೆ ಈಗೊಮ್ಮೆ ಒಂದು ಅಂತ ಏರುತ್ತದೆ. ಮೊದಲ ನಿಮಿಷ ಪರದೆ ಖಾಲಿಯಿತ್ತು, ಅವಳ ಎದೆ ಸ್ವಲ್ಪ ಸಡಿಲವಾಯಿತು. ಆಮೇಲೆ ಅಂಕಿ ಹೊರಟಿತು. ಮೂರು, ಒಂಬತ್ತು, ಇಪ್ಪತ್ತು, ನಲವತ್ತೊಂದು. ನಿಲ್ಲು ನಿಲ್ಲು ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು. ಅದು ಅವಳ ಮಾತು ಕೇಳುವುದೇ? ಇನ್ನೂರು ದಾಟಿತು, ಮುನ್ನೂರು ದಾಟಿತು. ಕೋಟ್ಯಂತರ ವರ್ಷದ ಕಲ್ಲಿದ್ದಲು ಎಳೆಯ ಕೂಸಿನ ಹಾಗೆ ಲವಲವಿಕೆಯಿಂದ ಎಣಿಸಿಕೊಳ್ಳುತ್ತಿತ್ತು. ಯಂತ್ರದಣ್ಣ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡ.

ಯಜಮಾನರು ಎಂದರೆ ಆ ಪ್ರಯೋಗಾಲಯವನ್ನು ಕಟ್ಟಿದವರು, ಕೆಂಪು ಗೆರೆಯನ್ನು ತಮ್ಮ ಕೈಯಾರೆ ಎಳೆದವರು. ಬೈದಿದ್ದರೆ ಚೆನ್ನಾಗಿತ್ತು. ಅವರು ಹೊರಗಿನ ಕಲ್ಲುಬೆಂಚಿಗೆ ಬಂದು ಅವಳಿಂದ ಎರಡು ಮಾರು ದೂರ ಕೂತು, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಎಂದು ಕೇಳಿ ಕೇಳಿ ಬರೆದುಕೊಂಡರು.

“ಕಳೆದು ನೋಡಿದ್ರೆ ಸರ್,” ಯಂತ್ರದಣ್ಣ ತಡವರಿಸಿದ, “ಮೂಳೆ ಅಂಕಿಯಿಂದ ಸಾಕ್ಷಿ ಅಂಕಿ ತೆಗೆದ್ರೆ, ಹಳೇದು ಅಂತ ಬರುತ್ತೆ. ಸುಮಾರು ನಾನೂರು...”

“ಕಳೀಬೇಡ,” ಅಂದರು ಯಜಮಾನರು. “ಎರಡಕ್ಕೂ ಒಂದೇ ಅಳತೆ ಉಸಿರು ಹೋಗಿದೆ ಅಂತ ನಿನಗೆ ಯಾರು ಹೇಳಿದ್ರು? ಒಂದ್ಸಲ ಊಹೆ ಮಾಡಿ ಆಗಿದೆ, ಸಾಕು.”

ಆಮೇಲೆ ಕೋಣೆಗೆ ಹೋಗುವವರು ತುಂಬಬೇಕಾದ ಅರ್ಜಿಯನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. ಬೇರೆ ಪ್ರಯೋಗಾಲಯಕ್ಕೆ ಹೋಗಿದ್ದಿರಾ, ಅಲ್ಲಿಯ ಚಪ್ಪಲಿ, ಪೆನ್ನು ತಂದಿದ್ದೀರಾ ಎಂದೆಲ್ಲ ಅದರಲ್ಲಿತ್ತು. “ಇಪ್ಪತ್ತೆರಡು ಪ್ರಶ್ನೆ ಬರೆದಿದ್ದೀನಿ,” ಅಂದರು. “ಹೊಟ್ಟೆನೋವಿಗೆ ಏನಾದ್ರೂ ನುಂಗಿದ್ದೀರಾ ಅಂತ ಬರೀಲಿಲ್ಲ.” ಅಷ್ಟಕ್ಕೇ ಮಡಿಯಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು. ಅವರು ಆ ಕಡೆ ನೋಡುತ್ತ ಅಧಿಕಾರಿಗೆ ಫೋನು ಹಚ್ಚಿದರು. ಆ ಬದಿಯ ಮಾತು ಬೆಂಚಿನ ತನಕ ಕೇಳಿಸಿತು: “ಆಯಮ್ಮಂಗೆ ನಾನು ಏನಂತ ಹೇಳ್ಲಿ ಸರ್? ನಾಡಿದ್ದು ಗುಂಡಿ ತೋಡೋದು ಅಂತ ಆಗಿದೆ.”

“ಪರೀಕ್ಷೆ ಕೆಟ್ಟಿದೆ ಅಂತ ಹೇಳಿ. ನಮ್ಮಿಂದ ಕೆಟ್ಟಿದೆ ಅಂತ ಹೇಳಿ.”

ಮಣ್ಣು ಮಾಡುವುದು ನಿಂತಿತು. ಪ್ರಯೋಗಾಲಯಕ್ಕೆ ಬೀಗ ಬಿತ್ತು. ಅಪರಿಚಿತರು ಬಂದು ಗೋಡೆ, ಕಪಾಟು, ಕುರ್ಚಿಯ ಕೈಗಳನ್ನೆಲ್ಲ ಹತ್ತಿಯಿಂದ ಒರೆಸಿ ಒರೆಸಿ ಹತ್ತಿಯನ್ನು ಪರೀಕ್ಷೆಗೆ ಒಯ್ದರು. ಅವಳು ಹದಿನಾರು ವರ್ಷ ಜೋಪಾನ ಮಾಡಿದ ಸೀಸೆಗಳು ಒಂದೊಂದಾಗಿ ಕಸಕ್ಕೆ ಹೋದವು. ಮೂಳೆಯಲ್ಲಿ ಕಡಲೆಕಾಳಿನಷ್ಟು ಚೂರು ಮಾತ್ರ ಉಳಿದಿತ್ತು. ಇನ್ನೊಂದು ಪ್ರಯತ್ನಕ್ಕೆ ಸಾಕು, ಮೂರನೆಯದಕ್ಕೆ ಇಲ್ಲ. ಅದನ್ನು ಯಜಮಾನರೇ ಬೇರೆ ಊರಿನ ಪ್ರಯೋಗಾಲಯಕ್ಕೆ ಕೈಯಾರೆ ಒಯ್ದು ಕೊಟ್ಟು ಬಂದರು.

ಮಡಿಯಮ್ಮ ಮೂರು ವಾರ ಮನೆಯಲ್ಲಿದ್ದಳು. ಮಾತ್ರೆಯಿಂದ ಹೊಟ್ಟೆ ಉರಿ ಇಳಿದಿತ್ತು. ಆದರೆ ಫೋನು ಗುಂಯ್ ಅಂದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದಳು. ಅತ್ತೆ ಈಗ ಮನೆಗೆ ಬಂದ ಯಾವ ಕಾಗದವನ್ನೂ ಗಟ್ಟಿಯಾಗಿ ಓದುತ್ತಿರಲಿಲ್ಲ. ಮಗಳು ಮಾತ್ರ, “ಅಮ್ಮಾ, ನನ್ನ ಮೇಲೆ ಉಸಿರು ಬಿಟ್ರೆ ನಾನೂ ಚಿಕ್ಕೋಳಾಗ್ತೀನಾ?” ಎಂದು ಕೇಳಿ ಅಪ್ಪನನ್ನು ನಗಿಸಿದಳು.

ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತ ಕೂತಿದ್ದಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಮೂರು ವಾರದಿಂದ ತಾನು ಒಂದೇ ಹರಕೆ ಕಟ್ಟುತ್ತಿದ್ದೇನೆ: ಮೂಳೆ ಹೊಸದೇ ಇರಲಿ, ಮೊದಲ ಉತ್ತರವೇ ಸರಿಯಿರಲಿ, ತನ್ನ ಉಸಿರಿನಿಂದ ಯಾರಿಗೂ ಏನೂ ಕೆಡದೆ ಇರಲಿ. ಅಂದರೆ ಏನಾಯಿತು? ಆ ಹುಡುಗ ಹತ್ತೊಂಬತ್ತಕ್ಕೇ ಸತ್ತು ಮಣ್ಣಲ್ಲಿ ಮಲಗಿರಲಿ ಎಂದಾಯಿತು. ತನ್ನ ಮಾನ ಉಳಿಸಿಕೊಳ್ಳುವುದಕ್ಕೆ ಇನ್ನೊಬ್ಬಳ ತಮ್ಮನ ಸಾವನ್ನು ಬೇಡಿಕೊಳ್ಳುತ್ತಿದ್ದಳು. ಮಡಚಿದ ಬಟ್ಟೆಯ ಮೇಲೆ ಮುಖವಿಟ್ಟುಕೊಂಡು ಅವಳು ನಾಚಿಕೆಯಿಂದ ಅತ್ತಳು.

ಮುಂದಿನ ಮಂಗಳವಾರ ಉತ್ತರ ಬಂತು. ಮೂಳೆಗೆ ನಾನೂರ ಹತ್ತು ವರ್ಷ, ಮೂವತ್ತು ಆ ಕಡೆ ಈ ಕಡೆ. ಸಾಕ್ಷಿ ಚೊಕ್ಕಟ. ಅಧಿಕಾರಿ ತಾವೇ ಹೋಗಿ ಹೇಳುತ್ತೇನೆ ಅಂದರು. ಮಡಿಯಮ್ಮ ಬೇಡ ಅಂದಳು.

ದರ್ಜಿಯಮ್ಮನ ಅಂಗಡಿ ಎರಡು ಬೀದಿ ಕೂಡುವ ಮೂಲೆಯಲ್ಲಿ, ಒಂದು ಹೊಲಿಗೆ ಯಂತ್ರ ಮತ್ತು ಒಂದು ಮೇಜು ಹಿಡಿಸುವಷ್ಟೇ ಅಗಲವಾಗಿತ್ತು. ಅವರು ಕಾಜಾ ಹೊಲಿಯುತ್ತ ಕೂತಿದ್ದರು. ತಲೆಯೆತ್ತಿ ನೋಡಿ, ಗುರುತು ಹಿಡಿದು, ಸ್ಟೂಲು ತೋರಿಸಿದರು. ಮಡಿಯಮ್ಮ ಕೂರಲಿಲ್ಲ.

“ಅದು ನಿಮ್ಮ ತಮ್ಮ ಅಲ್ಲ,” ಅಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಗಿತ್ತು. “ನಾನೂರು ವರ್ಷದ ಹಿಂದಿನ ಯಾರೋ. ಈ ಸಲ ಖಂಡಿತ. ಮೊದಲನೇ ಸಲ ತಪ್ಪಾಗಿದ್ದು ನನ್ನಿಂದ. ಆಸ್ಪತ್ರೇಲಿ ಒಂದು ಗುಳಿಗೆ ನುಂಗಿದ್ದೆ, ಅದು ನನ್ನ ಉಸಿರಿನಿಂದ ಮೂಳೆಗೆ ಸೇರ್ಕೊಳ್ತು. ನನಗೆ ಗೊತ್ತಿರಬೇಕಿತ್ತು.”

ದರ್ಜಿಯಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಹೊರಗೆ ಯಾರೋ ಬಂದು ತಮ್ಮ ಪ್ಯಾಂಟು ಆಯಿತೇ ಎಂದು ಕೇಳಿದರು. ನಾಳೆ ಎಂದು ಹೇಳಿ ಕಳಿಸಿದರು.

“ನಿಮ್ಮ ಒಂದು ಉಸಿರಿಗೆ,” ಅಂದರು ಆಮೇಲೆ, ತಗ್ಗಿದ ದನಿಯಲ್ಲಿ, “ನಾನು ಅವನನ್ನ ಸಾಯಿಸಿ, ಅತ್ತು, ಮುಗಿಸ್ಕೊಂಡಿದ್ದೆ. ಅವನು ಹೋದಾಗಿಂದ ಮೊದಲನೇ ಸಲ ಕಣ್ತುಂಬ ನಿದ್ದೆ ಬಂದಿತ್ತು. ಐದು ದಿನ. ಅದನ್ನೂ ಕಿತ್ಕೊಂಡ್ರಿ.”

ಮಡಿಯಮ್ಮ ಹೂಂ ಅಂದಳು. ಕ್ಷಮಿಸಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿ ನಿಲ್ಲಲು ಅದಕ್ಕೇ ನಾಚಿಕೆಯಾಗಿ ಹಿಂದಕ್ಕೆ ಹೋಯಿತು.

ದರ್ಜಿಯಮ್ಮ ಎದ್ದು ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಅಂಗಿ ತೆಗೆದರು. ತಿಳಿ ನೀಲಿ, ಹೊಚ್ಚ ಹೊಸದು, ಇಸ್ತ್ರಿಯ ಮಡಿಕೆ ಮುರಿದಿರಲಿಲ್ಲ. “ಮಣ್ಣಿಗೆ ಇಡೋವಾಗ ಜೊತೆಗಿಡೋಣ ಅಂತ ಹೊಲ್ದಿದ್ದೆ,” ಅಂದರು. “ಅವನ ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ. ಕತ್ತರಿ ತಗೊಂಡು ಕೂತ್ರೆ ಕೈಗೇ ನೆನಪಿತ್ತು. ಎದೆ ಮೂವತ್ನಾಲ್ಕು, ಹೊಟ್ಟೆ ಇಪ್ಪತ್ತೆಂಟು.”

ಅಂಗಿಯನ್ನು ಮೇಜಿನ ಮೇಲೆ ಹರಡಿ ಒಳಮಗ್ಗುಲು ಮಾಡಿದರು. ಬ್ಲೇಡು ತೆಗೆದುಕೊಂಡು ಪಕ್ಕದ ಹೊಲಿಗೆಯನ್ನು ಕಂಕುಳಿಂದ ಕೆಳಗಿನ ತನಕ ಒಂದೊಂದೇ ಗಂಟಾಗಿ ಬಿಚ್ಚತೊಡಗಿದರು. ಮಡಿಯಮ್ಮ ನೋಡುತ್ತ ನಿಂತಳು. ಒಂದು ಬದಿ ಮುಗಿಯಿತು, ಇನ್ನೊಂದು ಬದಿ ಮುಗಿಯಿತು. ಅವರು ದಾರದ ಚೂರುಗಳನ್ನು ಕೈಯಿಂದ ಸರಿಸಿ, ಅದೇ ನೀಲಿಯ ಉಳಿದ ಬಟ್ಟೆಯನ್ನು ಪಕ್ಕಕ್ಕೆ ಹಿಡಿದು ನೋಡಿದರು.

“ವಯಸ್ಸು ಹೇಳೋದು ನಿಮ್ಮ ಕೆಲಸ ಅಲ್ವಾ?” ಅಂದರು, ಮುಖ ಎತ್ತದೆ. “ಈಗ ಅವನಿಗೆ ಐವತ್ತೇಳು. ಹೊಟ್ಟೆ ಎಷ್ಟಿಡ್ಲಿ?”

ಹದಿನಾರು ವರ್ಷದಲ್ಲಿ ಮಡಿಯಮ್ಮ ಯಾವುದಕ್ಕೂ ಅಂದಾಜಿನ ಉತ್ತರ ಕೊಟ್ಟವಳಲ್ಲ. ಅವಳು ಗಂಡನ ಅಂಗಿಯನ್ನು ನೆನಪಿಸಿಕೊಂಡಳು, ಯಜಮಾನರ ಬೆಲ್ಟನ್ನು ನೆನಪಿಸಿಕೊಂಡಳು.

“ಮೂವತ್ತೆಂಟು,” ಅಂದಳು.

“ಅಷ್ಟು ಬೇಡ, ನಮ್ಮ ಮನೆಯವರು ದಪ್ಪ ಆಗೋರಲ್ಲ.” ದರ್ಜಿಯಮ್ಮ ಬಳಪದಿಂದ ಗುರುತು ಹಾಕಿದರು. “ಮೂವತ್ತಾರು ಇಡ್ತೀನಿ. ಒಳಗೆ ಬಟ್ಟೆ ಬಿಟ್ಟಿರ್ತೀನಿ, ಬಂದ ಮೇಲೆ ಬೇಕಾದ್ರೆ ಬಿಚ್ಚಿದ್ರಾಯ್ತು.”